ಅದು ಸಿ9 ಅಲ್ಲ, ಸಿ ಆ್ಯಡ್9

ನೀವು ಗಿಟಾರ್‌ನಲ್ಲಿ ಹಿಡಿದಿರುವ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಎ ತಂತಿಯ 3ನೇ ಫ್ರೆಟ್ (ಗಿಟಾರ್ ಕತ್ತಿನ ಮೇಲಿನ ಮನೆ), ಡಿ ತಂತಿಯ 2ನೇ ಫ್ರೆಟ್, ಜಿ ಓಪನ್, ಬಿ ಮತ್ತು ತೆಳು ಇ ತಂತಿಗಳ 3ನೇ ಫ್ರೆಟ್, ಅಲ್ವಾ? ಸ್ವರಗಳು ಸಿ, ಇ, ಜಿ, ಡಿ, ಜಿ. ಇದನ್ನು ಸಿ9 ಅನ್ನಬೇಕಾ, ಸಿ ಸಸ್2 ಅನ್ನಬೇಕಾ ಅಂತ ಕೇಳಿದ್ದೀರಿ. ಎರಡೂ ಅಲ್ಲ.

ಸಸ್2ನಲ್ಲಿ ಇ ಇರುವುದಿಲ್ಲ, ಅದರ ಜಾಗಕ್ಕೆ ಡಿ ಬರುತ್ತದೆ. ನಿಮ್ಮದರಲ್ಲಿ ಇ ಇದೆ. ಸಿ9 ಅಂತ ಬರೆದರೆ ಒಳಗೆ ಬಿ ಫ್ಲಾಟ್ ಕೂಡ ಇದೆ ಅಂತ ಅರ್ಥ. ಅದು ನಿಮ್ಮ ಕಾರ್ಡ್‌ನಲ್ಲಿ ಇಲ್ಲ. ಹಾಗಾಗಿ ಸರಿಯಾದ ಹೆಸರು ಸಿ ಆ್ಯಡ್9, ಅಂದರೆ ಸಿ ಮೇಜರ್‌ಗೆ (ಸಿ, ಇ, ಜಿ) ಒಂಬತ್ತನೇ ಸ್ವರ ಡಿ ಸೇರಿಸಿದ್ದು. ಈ ವ್ಯತ್ಯಾಸ ಸುಮ್ನೆ ಕಾಗದದ ಮೇಲಿನದ್ದಲ್ಲ, ಕಿವಿಗೇ ಗೊತ್ತಾಗುತ್ತದೆ: ಬಿ ಫ್ಲಾಟ್ ಸೇರಿದರೆ ಕಾರ್ಡ್ ಎಫ್ ಕಡೆಗೆ ಎಳೆಯುತ್ತದೆ, ಆ್ಯಡ್9 ಇದ್ದಲ್ಲೇ ನೆಮ್ಮದಿಯಾಗಿ ನಿಲ್ಲುತ್ತದೆ.

ಬೇಸ್ ಗಿಟಾರ್ ನುಡಿಸುವವರು ಕೆಳಗೆ ಎ ಹಿಡಿದರೆ ಮಾತ್ರ ಅದೇ ಶೇಪ್ ಎ ಮೈನರ್7 ಆ್ಯಡ್11 ಆಗುತ್ತದೆ, ಯಾಕಂದ್ರೆ ಆಗ ಎಣಿಕೆ ಎ ಯಿಂದ ಶುರುವಾಗಿ ಡಿ 11ನೇ ಸ್ವರವಾಗುತ್ತದೆ.