ಸೀಜ್ ಆದ ಪುಟ್ಟ ಡೀಸೆಲ್ ಎಂಜಿನ್‌ಗೆ ಇಕ್ಕಳ ಹಾಕಬೇಡಿ

ಗುಜರಿಯಲ್ಲಿ ಸಿಕ್ಕ 1.5 ಸಿಸಿ ಮಾದರಿ ವಿಮಾನದ ಎಂಜಿನ್ ತಿರುಗುತ್ತಿಲ್ಲ, ಗ್ಲೋ ಪ್ಲಗ್ (ಬಿಸಿ ತಂತಿಯಿಂದ ಇಂಧನ ಹೊತ್ತಿಸುವ ಪ್ಲಗ್) ಹಾಕುವ ಜಾಗವೂ ಕಾಣುತ್ತಿಲ್ಲ ಅಂತ ಕೇಳಿದ್ದೀರಿ. ನಿಮ್ಮ ಫೋಟೋದಲ್ಲಿ ತಲೆಯ ಮೇಲೆ ಅಡ್ಡಕಡ್ಡಿ ಇರುವ ಸ್ಕ್ರೂ ಇದೆಯಲ್ಲ, ಹಾಗಾಗಿ ಇದು ಡೀಸೆಲ್. ಪ್ಲಗ್, ಬ್ಯಾಟರಿ ಎರಡೂ ಬೇಡ. ಒತ್ತಡದ ಬಿಸಿಗೇ ಹೊತ್ತಿಕೊಳ್ಳುತ್ತದೆ, ಆ ಒತ್ತಡ ಹೆಚ್ಚುಕಡಿಮೆ ಮಾಡುವುದೇ ಈ ಸ್ಕ್ರೂ.

ಇಂಥವು ಸೀಜ್ ಆಗುವುದು ಹೆಚ್ಚಾಗಿ ತುಕ್ಕಿನಿಂದಲ್ಲ, ಒಳಗೆ ಒಣಗಿ ಅಂಟಾದ ಹರಳೆಣ್ಣೆಯಿಂದ. ನಾನು ಮೊದಲ ಎಂಜಿನ್‌ಗೆ ಇಕ್ಕಳ ಹಾಕಿ ತಿರುಗಿಸಿದೆ. ಕಟಕ್ ಅಂತು. ಪಿಸ್ಟನ್ನಿಗೂ ತಿರುಗುವ ದಂಡಕ್ಕೂ ನಡುವಿನ ಕನೆಕ್ಟಿಂಗ್ ರಾಡ್ ಬಾಗಿತ್ತು. ನೀವು ಮೊದಲು ಮೇಲಿನ ಸ್ಕ್ರೂ ಒಂದು ಸುತ್ತು ಸಡಿಲಿಸಿ. ಹೇರ್ ಡ್ರೈಯರ್‌ನಲ್ಲಿ ಕೈಗೆ ಮುಟ್ಟಲಾಗದಷ್ಟು ಬಿಸಿ ಮಾಡಿ. ಫ್ಯಾನ್ (ಪ್ರೊಪೆಲ್ಲರ್) ಕಟ್ಟಿ, ಬಟ್ಟೆ ಹಿಡಿದು, ಹಿಂದೆ ಮುಂದೆ ಮೆಲ್ಲಗೆ ಆಡಿಸಿ. ಕಂದು ಬಣ್ಣದ ಜಿಗಟು ಹೊರಬರುತ್ತದೆ. ಒಂದೇ ದಿನಕ್ಕೆ ಬಿಡದಿದ್ದರೆ ಸೀಮೆಎಣ್ಣೆ ಬಿಟ್ಟು ರಾತ್ರಿ ನೆನೆಸಿ, ಅದನ್ನು ಒರೆಸಿ ಪೂರ್ತಿ ಒಣಗಿಸಿದ ಮೇಲೆ ಮತ್ತೆ ಬಿಸಿ ಮಾಡಿ.

ಹೆಸರು ಡೀಸೆಲ್ ಅಂತ ಬಂಕಿನ ಡೀಸೆಲ್ ಸುರಿಯಬೇಡಿ! ಈಥರ್, ಸೀಮೆಎಣ್ಣೆ, ಹರಳೆಣ್ಣೆ ಮೂರೂ ಸಮಪಾಲು, ಅಷ್ಟೇ. ಈಥರ್ 35 ಡಿಗ್ರಿಗೇ ಕುದಿಯುತ್ತದೆ, ನಮ್ಮ ಬೇಸಿಗೆಗೆ ಅಷ್ಟು ಸಾಕಲ್ವಾ? ಮುಚ್ಚಳ ಸಡಿಲವಾದರೆ ಅದು ಹಾರಿಹೋಗಿ ಉಳಿದ ಎಣ್ಣೆ ಹೊತ್ತಿಕೊಳ್ಳುವುದೇ ಇಲ್ಲ. ಬಯಲಲ್ಲೇ ಬೆರೆಸಿ. ಹತ್ತಿರ ಬೆಂಕಿ, ಬೀಡಿ ಯಾವುದೂ ಇರಬಾರದು.

ಎಂಜಿನ್ನನ್ನು ವೈಸ್‌ನಲ್ಲಿ ಹಿಂಡಬೇಡಿ, ಹಲಗೆಗೆ ಬೋಲ್ಟ್ ಹಾಕಿ. 8x4 ಫ್ಯಾನ್ (8 ಇಂಚು ಉದ್ದ, 4 ಇಂಚು ಪಿಚ್, ಅಂದರೆ ಒಂದು ಸುತ್ತಿಗೆ ಮುಂದೆ ಸಾಗುವ ಲೆಕ್ಕ) ಸರಿಹೋಗುತ್ತದೆ. ಇಂಧನದ ಹರಿವು ಹೊಂದಿಸುವ ಸೂಜಿ ಮೂರು ಸುತ್ತು ಬಿಚ್ಚಿ, ಗಾಳಿತೂತಿಗೆ ಬೆರಳಿಟ್ಟು ಎರಡು ಸಲ ತಿರುಗಿಸಿ. ಎಕ್ಸಾಸ್ಟ್ ಕಿಂಡಿಗೆ ಒಂದು ಹನಿ ಇಂಧನ ಬಿಡಿ. ದಪ್ಪ ಗ್ಲೌಸ್ ಹಾಕಿ ಫಟ್ ಅಂತ ಹೊಡೆಯಿರಿ. ಹೊತ್ತದಿದ್ದರೆ ಸ್ಕ್ರೂ ಕಾಲು ಸುತ್ತು ಬಿಗಿ, ಮತ್ತೆ ಹೊಡೆತ. ಫ್ಯಾನ್ ದಿಢೀರನೆ ಗಟ್ಟಿಯಾದರೆ ಒಳಗೆ ಎಣ್ಣೆ ತುಂಬಿದೆ ಅಂತ ಅರ್ಥ. ಆಗ ಬಲ ಹಾಕಿದರೆ ರಾಡ್ ಹೋಯಿತು. ಸ್ಕ್ರೂ ಸಡಿಲಿಸಿ, ಎಂಜಿನ್ ಕವುಚಿ, ಎಣ್ಣೆ ಸುರಿದುಹೋಗಲಿ.

ಸ್ಟಾರ್ಟ್ ಆದ ಮೇಲೆ ಫ್ಯಾನ್‌ನ ಹಿಂದೆ ನಿಲ್ಲಿ, ಮುಂದೆಯೂ ಬೇಡ, ಪಕ್ಕದಲ್ಲೂ ಬೇಡ. ಬಿಸಿಯಾಗುತ್ತಾ ಹೋದಂತೆ ಸದ್ದು ಭಾರವಾಗಿ, ಎಕ್ಸಾಸ್ಟಿನ ಎಣ್ಣೆ ಕಪ್ಪಾದರೆ ಸ್ಕ್ರೂ ಸ್ವಲ್ಪ ಸಡಿಲಿಸಿ. ತಪ್ಪಿ ತಪ್ಪಿ ಹೊಡೆದರೆ ಸ್ವಲ್ಪ ಬಿಗಿ ಮಾಡಿ. ಮುಗಿದ ಮೇಲೆ ತೆಳು ಮೆಷಿನ್ ಆಯಿಲ್ ನಾಲ್ಕು ಹನಿ ಬಿಡಿ, ಇಲ್ಲದಿದ್ದರೆ ಹರಳೆಣ್ಣೆ ಮತ್ತೆ ಅಂಟುತ್ತದೆ.

ಪಕ್ಕದಲ್ಲಿ ಕೆತ್ತಿರುವ ಅಕ್ಷರ ಫೋಟೋದಲ್ಲಿ ಮಸುಕಾಗಿದೆ. ಸೀಸದ ಕಡ್ಡಿಯಲ್ಲಿ ಉಜ್ಜಿ ಇನ್ನೊಂದು ಹಾಕಿ, ನೋಡೋಣ.