ನಿಮ್ಮ ಮೆಲ್ ಅಲ್ಮಾಡಾ ಲೇಖನದ ಬಗ್ಗೆ

ನಮಸ್ಕಾರ,

ಬೇಸ್‌ಬಾಲ್ ಆಟಗಾರ ಮೆಲ್ ಅಲ್ಮಾಡಾ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಹಾಗಂತ ಬಿಟ್ಟುಬಿಡಿ ಅಂತಲೂ ಹೇಳಲಾರೆ. ಈ ಆಟದ ಬಗ್ಗೆ ಕನ್ನಡದಲ್ಲಿ ಬರೆಯುವವರೇ ಕಡಿಮೆ. ನೀವು 1930ರ ದಶಕದ ಮೆಕ್ಸಿಕನ್ ಔಟ್‌ಫೀಲ್ಡರ್‌ನನ್ನು (ಮೈದಾನದ ಹೊರಭಾಗದಲ್ಲಿ ಚೆಂಡು ಹಿಡಿಯುವವನನ್ನು) ಹುಡುಕಿಕೊಂಡು ಹೋಗಿದ್ದೀರಿ. ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ.

1933ರ ಸೆಪ್ಟೆಂಬರ್‌ನಲ್ಲಿ ಬಾಸ್ಟನ್ ರೆಡ್ ಸಾಕ್ಸ್ ಪರ ಆಡಿ ಅಲ್ಮಾಡಾ ಅಮೆರಿಕದ ಅತಿ ಮೇಲಿನ ಬೇಸ್‌ಬಾಲ್ ಮಟ್ಟವಾದ ಮೇಜರ್ ಲೀಗ್‌ನ ಮೊದಲ ಮೆಕ್ಸಿಕನ್ ಆದ. ನಿಜ, ಆದರೆ ಅದನ್ನು ಒಂದು ಸಲ ಹೇಳಿದರೆ ಸಾಕು. ನೀವು ಪುಟಪುಟದಲ್ಲೂ ಹೇಳಿದ್ದೀರಿ. ಅವನು ‘ಬಣ್ಣದ ಗೋಡೆ ಒಡೆದ’, ಅಂದರೆ ಕಪ್ಪು ಆಟಗಾರರನ್ನು ಹೊರಗಿಟ್ಟ ಕಟ್ಟುಪಾಡನ್ನು ಮುರಿದ ಅಂದದ್ದಂತೂ ತಪ್ಪು. 1947ರಲ್ಲಿ ಕಪ್ಪು ಆಟಗಾರ ಜಾಕಿ ರಾಬಿನ್ಸನ್ ಬ್ರೂಕ್ಲಿನ್ ತಂಡದ ಪರ ಆಡುವ ತನಕ ಆ ಗೋಡೆ ಹಾಗೇ ಇತ್ತು. ಅಲ್ಮಾಡಾ ಬಿಳಿ ಮೈಬಣ್ಣದವನು. ಹುಟ್ಟಿದ್ದು ಮೆಕ್ಸಿಕೋದ ಸೊನೋರಾದಲ್ಲಾದರೂ ಚಿಕ್ಕಂದಿನಲ್ಲೇ ಲಾಸ್ ಏಂಜಲೀಸ್‌ಗೆ ಬಂದು ಅಲ್ಲೇ ಬೆಳೆದವನು. ಇದನ್ನು ಮುಚ್ಚಿಡಬೇಡಿ. ಅವನ ಅಣ್ಣ ಲೂ ಕೂಡ ವೃತ್ತಿಪರ ಆಟಗಾರ. ನಿಮ್ಮ ಲೇಖನದಲ್ಲಿ ಆ ಅಣ್ಣನ ಸುಳಿವೇ ಇಲ್ಲ, ಯಾಕೆ?

ಇನ್ನು ಅಂಕಿಗಳು. ‘ಸರಾಸರಿ .284’ ಅಂತ ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ನಮ್ಮ ಓದುಗರಿಗೆ ಸರಾಸರಿ ಅಂದರೆ ಕ್ರಿಕೆಟ್ ಲೆಕ್ಕ. ಇಲ್ಲಿ ಅದು ಬ್ಯಾಟಿಂಗ್‌ನ ಸಾವಿರ ಅವಕಾಶಕ್ಕೆ 284 ಹಿಟ್ (ಚೆಂಡು ಹೊಡೆದು ಔಟಾಗದೆ ಬೇಸ್ ತಲುಪುವುದು), ಹತ್ತರಲ್ಲಿ ಮೂರಕ್ಕೆ ಹತ್ತಿರ. ಹತ್ತರಲ್ಲಿ ಏಳು ಸಲ ಸೋತವನೂ ಈ ಆಟದಲ್ಲಿ ಒಳ್ಳೆ ಬ್ಯಾಟರ್. ಇದನ್ನು ಮೊದಲೇ ಹೇಳದಿದ್ದರೆ ನಿಮ್ಮ ಯಾವ ಅಂಕಿಯೂ ಓದುಗರಿಗೆ ತಲುಪುವುದಿಲ್ಲ.

ನನಗೆ ಬೇಕಿದ್ದದ್ದು 1938. ನೀವು ಅದನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ! ಹಿಂದಿನ ವರ್ಷವಷ್ಟೇ ಬಾಸ್ಟನ್ ಅವನನ್ನು ಇನ್ನಿಬ್ಬರು ಆಟಗಾರರಾದ ಫೆರೆಲ್ ಸಹೋದರರ ಜೊತೆ ವಾಷಿಂಗ್ಟನ್ ತಂಡಕ್ಕೆ ಕೊಟ್ಟಿತ್ತು. ಅಲ್ಲಿ 1938ರ ಶುರುವಿನಲ್ಲಿ ಅವನ ಬ್ಯಾಟ್ ಓಡಲಿಲ್ಲ, .244. ಜೂನ್‌ನಲ್ಲಿ ವಾಷಿಂಗ್ಟನ್ ತಂಡ ಸ್ಯಾಮಿ ವೆಸ್ಟ್ ಎಂಬ ಆಟಗಾರನನ್ನು ತೆಗೆದುಕೊಂಡು ಇವನನ್ನು ಸೇಂಟ್ ಲೂಯಿಸ್ ಬ್ರೌನ್ಸ್ ತಂಡಕ್ಕೆ ಕಳಿಸಿತು. ಎಂಟು ತಂಡಗಳಲ್ಲಿ ಏಳನೇ ಜಾಗದಲ್ಲಿ ಆ ವರ್ಷ ಮುಗಿಸಿದ ತಂಡ ಅದು. ಅಂಥ ಕಡೆ ಅವನು .342 ಹೊಡೆದ! ಯಾರಿಗೂ ಬೇಡವಾದ ತಂಡದಲ್ಲಿ ಒಬ್ಬ ಆಟಗಾರನ ಕೈ ಹೀಗೆ ಕುದುರಿತಲ್ಲ, ಲೇಖನ ಅಲ್ಲಿಂದಲೇ ಶುರುವಾಗಬೇಕು.

ಅವನನ್ನು ಮೈದಾನದಲ್ಲೂ ನಿಲ್ಲಿಸಿ. ಅಲ್ಮಾಡಾ ಜಾಸ್ತಿ ಆಡಿದ್ದು ಸೆಂಟರ್ ಫೀಲ್ಡ್‌ನಲ್ಲಿ, ಅಂದರೆ ಹೊರಮೈದಾನದ ನಡುವೆ. ಬ್ಯಾಟಿಗೆ ಚೆಂಡು ತಾಗಿದ ಕೂಡಲೇ ಅದು ಮುಂದೆ ಬೀಳುತ್ತೋ, ತಲೆ ದಾಟಿ ಹೋಗುತ್ತೋ ಅಂತ ಅಂದಾಜು ಮಾಡಿ ಓಡಬೇಕು. ಒಂದು ಹೆಜ್ಜೆ ತಪ್ಪಾಗಿ ಮುಂದಿಟ್ಟರೆ ಚೆಂಡು ಬೇಲಿ ತನಕ ಉರುಳುತ್ತದೆ. ಆರು ಪುಟದಲ್ಲಿ ಅವನು ಒಂದು ಕ್ಯಾಚನ್ನೂ ಹಿಡಿದಿಲ್ಲ, ಅಲ್ವಾ?

1939ರಲ್ಲಿ ಬ್ರೂಕ್ಲಿನ್‌ಗೆ ಹೋದ, ಆ ವರ್ಷವೇ ಅವನ ಮೇಜರ್ ಲೀಗ್ ಆಟ ಮುಗಿಯಿತು. ಆಗ ವಯಸ್ಸು 26. ನೀವು ಇಲ್ಲಿ ‘ವಿಧಿಯಾಟ’ ಅಂದಿದ್ದೀರಿ. ಅದನ್ನು ಹೊಡೆದುಹಾಕಿ, ವಯಸ್ಸನ್ನಷ್ಟೇ ಬರೆಯಿರಿ. ಯುವಕರಿಗೆ ಕರೆ ಕೊಡುವ ಕೊನೆಯ ಪ್ಯಾರಾವನ್ನೂ ತೆಗೆಯಿರಿ. ಮೂರು ಪುಟಕ್ಕೆ ಇಳಿಸಿ ಮತ್ತೆ ಕಳಿಸಿ, ನಾನೇ ಓದುತ್ತೇನೆ.

ಸಂಪಾದಕ