ಅಂಗಡಿ ನಡೆಸುತ್ತಿದ್ದ ಗಂಡ ತೀರಿಕೊಂಡರು. ಎಲ್ಲರೂ ಅವರನ್ನು ಹೊಗಳುತ್ತಾರೆ, ನನಗೆ ಮಾತ್ರ ಅವರ ಬಗ್ಗೆ ನಾಲ್ಕು ಸಾಲು ಬರೆಯಲಾಗುತ್ತಿಲ್ಲ. ಏನು ಮಾಡಲಿ?

ನಮ್ಮ ಯಜಮಾನರು ಹೋಗಿ ಮೂರು ವರ್ಷವಾಯಿತು. ಅವರದೂ ಸಣ್ಣ ಅಂಗಡಿ. ಹಾಗಾಗಿ ನಿಮ್ಮ ಪ್ರಶ್ನೆ ಓದಿ ಸುಮ್ನೆ ಮುಂದೆ ಹೋಗಲಾಗಲಿಲ್ಲ.

ಮೊದಲು ಒಂದು ನಿಜ ಹೇಳಿಬಿಡುತ್ತೇನೆ. ಗಿರಾಕಿಗಳು ಬಂದು ಅವರ ಬಗ್ಗೆ ಹೇಳುವಾಗ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. 'ಎಷ್ಟು ನಗಿಸ್ತಿದ್ರು' ಅಂತಿದ್ದರು. ಮನೆಗೆ ಬರುವಷ್ಟರಲ್ಲಿ ಅವರ ಮಾತೆಲ್ಲ ಮುಗಿದಿರುತ್ತಿತ್ತು, ಚಪ್ಪಲಿ ಬಿಟ್ಟು ಸುಮ್ಮನೆ ಕೂರುತ್ತಿದ್ದರು. ನಗಿಸುವ ಆ ಮನುಷ್ಯ ಯಾರು ಅಂತ ನನಗೇ ಗೊತ್ತಿರಲಿಲ್ಲ.

ಉದ್ರಿ ಕೊಡಬೇಡಿ ಅಂತ ಇಪ್ಪತ್ತು ವರ್ಷ ಜಗಳವಾಡಿದ್ದೇನೆ. ಅವರು ಹೋದ ಮೇಲೆ ಒಬ್ಬರು ಬಂದು ದುಡ್ಡು ಕೈಗಿಟ್ಟರು. ಲೆಕ್ಕದ ಪುಸ್ತಕದಲ್ಲಿ ಅವರ ಹೆಸರೇ ಇಲ್ಲ. 'ಬರೆದುಕೊಳ್ಳೋದು ಬೇಡ, ಆದಾಗ ಕೊಡಿ ಅಂದಿದ್ರು' ಅಂದರು. ಅವತ್ತು ಅತ್ತುಬಿಟ್ಟೆ, ಜೊತೆಗೆ ಸಿಟ್ಟೂ ಬಂತು. ಇನ್ನೂ ಎಷ್ಟು ಜನರಿಗೆ ಹೀಗೆ ಕೊಟ್ಟಿದ್ದರೋ!

ನೀವು ಬರೆಯಬೇಕಾದ್ದು ಇದನ್ನೇ ಅನ್ನಿಸುತ್ತೆ. ಒಳ್ಳೆಯ ವ್ಯಾಪಾರಿ, ದೊಡ್ಡ ಮನಸ್ಸು, ಇದೆಲ್ಲ ಬೇರೆಯವರು ಹೇಳುತ್ತಾರೆ, ಅವರೇ ಹೇಳಲಿ. ಸುಸ್ತಾಗಿ ಬಂದು ಕೂರುತ್ತಿದ್ದ ಮನುಷ್ಯನನ್ನು ನೋಡಿದ್ದು ನೀವೊಬ್ಬರೇ ಅಲ್ವಾ? ಅವರ ಮೊಂಡುತನವನ್ನೂ ಬಿಡಬೇಡಿ. ದೇವರ ಫೋಟೋ ಥರ ಮಾಡಿಬಿಟ್ಟರೆ ಮಕ್ಕಳಿಗೆ ಅಪ್ಪನ ಗುರುತೇ ಸಿಗುವುದಿಲ್ಲ. ಗಿರಾಕಿಗಳು ಹೇಳಿದ್ದನ್ನು ಅವತ್ತೇ, ಅವರ ಮಾತಲ್ಲೇ ಬರೆದಿಡಿ. ಒಂದು ವರ್ಷ ಕಳೆದರೆ ಹೇಳುವವರು ಕಡಿಮೆಯಾಗುತ್ತಾರೆ. ಫೋನಿನಲ್ಲಿ ಅವರ ದನಿ ಇದ್ದರೆ ಇನ್ನೊಂದು ಕಡೆಗೂ ಕಾಪಿ ಮಾಡಿಕೊಳ್ಳಿ. ನಾನು ತಡ ಮಾಡಿ ಕಳೆದುಕೊಂಡೆ.

ಲೆಕ್ಕ ನೋಡುತ್ತಾ ಕೂತ ದಿನ ಅಳು ಬರಲಿಲ್ಲ ಅಂತ ಬೇಜಾರಾಗಬೇಡಿ. ದುಃಖಕ್ಕೆ ಐದು ಹಂತ, ಒಂದಾದ ಮೇಲೊಂದು ಬರುತ್ತೆ ಅಂತ ನನಗೂ ತುಂಬಾ ಜನ ಹೇಳಿದರು. ಆಮೇಲೆ ಗೊತ್ತಾಯಿತು, ಕ್ಯೂಬ್ಲರ್-ರಾಸ್ ಅನ್ನುವ ಮನೋವೈದ್ಯೆ 1969ರಲ್ಲಿ ಅದನ್ನು ಬರೆದದ್ದು ಸಾವಿನ ಹತ್ತಿರವಿದ್ದ ರೋಗಿಗಳನ್ನು ಮಾತಾಡಿಸಿ, ನಮ್ಮಂಥ ಉಳಿದವರನ್ನಲ್ಲ. 1999ರಲ್ಲಿ ಸ್ಟ್ರೋಬೆ ಮತ್ತು ಸ್ಕುಟ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ಹೇಳಿದ್ದು ನನಗೆ ಹೆಚ್ಚು ಹೊಂದಿತು: ಮನಸ್ಸು ಒಮ್ಮೆ ಹೋದವರ ಕಡೆ, ಒಮ್ಮೆ ಮುಂದಿನ ಬದುಕಿನ ಕಡೆ ಓಲಾಡುತ್ತಿರುತ್ತೆ, ಎರಡೂ ಬೇಕು.

ಬ್ಯಾಂಕು, ಬಾಕಿ, ಬಾಡಿಗೆ ಕಾಯುವುದಿಲ್ಲ, ಅದನ್ನು ಮೊದಲು ಮುಗಿಸಿ. ಅಂಗಡಿ ಇಟ್ಟುಕೊಳ್ಳುವುದೋ ಬಿಡುವುದೋ, ಸಾಧ್ಯವಾದರೆ ನಿಧಾನವಾಗಿ ಯೋಚಿಸಿ. ಬೋರ್ಡಿನಲ್ಲಿ ಅವರ ಹೆಸರು ಸದ್ಯಕ್ಕೆ ಹಾಗೇ ಇರಲಿ. ಬಣ್ಣ ಮಾಸಿದಾಗ ನೋಡಿಕೊಂಡರಾಯಿತು.